ಹುಲ್ಲುಗಾವಲಿನ ಮುಳ್ಳುಕಳ್ಳಿ: ಪ್ಲೇನ್ಸ್ ಪ್ರಿಕ್ಲಿ ಪೇರ್ ಗುರುತಿಸಲು ಸಮಗ್ರ ಮಾರ್ಗದರ್ಶಿ

ಮುಳ್ಳು ನೋಡಿ ಕಳ್ಳಿಗೆ ಹೆಸರಿಡಬೇಡಿ. ಮೈತುಂಬ ಮುಳ್ಳೇ ಇರುವ ಗಿಡದಲ್ಲಿ ಮುಳ್ಳನ್ನೇ ನಂಬಬೇಡಿ ಅಂದರೆ ಮತ್ತೇನು ನೋಡುವುದು ಅಂತ ನೀವು ಕೇಳಬಹುದು. ಕಾಯಿ ನೋಡಿ. ಒಣಗಿದ, ಮುಳ್ಳು ತುಂಬಿದ ಕಾಯಿ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಮುಳ್ಳು ನಿಮ್ಮನ್ನು ಗಿಡದ ಹತ್ತಿರ ಕರೆದೊಯ್ಯುತ್ತದೆ ಅಷ್ಟೇ.

ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಮೇವುಗಾವಲುಗಳಲ್ಲಿ ಹರಡಿರುವ ಪ್ಲೇನ್ಸ್ ಪ್ರಿಕ್ಲಿ ಪೇರ್ ಬಗ್ಗೆ. ಶಾಸ್ತ್ರೀಯ ಹೆಸರು ಒಪನ್ಶಿಯಾ ಪಾಲಿಯಕ್ಯಾಂತಾ. ನಮ್ಮ ಪಾಪಾಸುಕಳ್ಳಿಯ ಕುಲದ್ದೇ, ಆದರೆ ಎತ್ತರಕ್ಕೆ ಬೆಳೆಯದೆ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಸಸ್ಕಾಚೆವಾನ್‌ಗಳ ದಕ್ಷಿಣ ಭಾಗದಿಂದ ಶುರುವಾಗಿ ಮೊಂಟಾನಾ, ವಯೋಮಿಂಗ್, ಡಕೋಟಾಗಳು, ನೆಬ್ರಾಸ್ಕಾ, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ ದಾಟಿ ಮೆಕ್ಸಿಕೊದ ಉತ್ತರದವರೆಗೂ ಇದು ಸಿಗುತ್ತದೆ. ಮೈನಸ್ ಚಳಿ, ಹಿಮ, ಸುಡುಬಿಸಿಲು ಎಲ್ಲಕ್ಕೂ ಜಗ್ಗದ ಗಿಡ.

1805ರ ಬೇಸಿಗೆಯಲ್ಲಿ ಮಿಸೌರಿ ನದಿಯ ಜಾಡು ಹಿಡಿದು ಹೊರಟಿದ್ದ ಅಮೆರಿಕದ ಅನ್ವೇಷಕರು ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡಕ್ಕೆ ಈ ಭಾಗದ ಪ್ರಿಕ್ಲಿ ಪೇರ್ ಸಾಕುಸಾಕು ಮಾಡಿತ್ತು. ಸೊಳ್ಳೆ, ಕಣ್ಣಿಗೆ ಮುತ್ತುವ ನೊರಜು, ಈ ಕಳ್ಳಿ, ಈ ಮೂರನ್ನೂ ಒಟ್ಟಿಗೆ ಸೇರಿಸಿ ಲೂಯಿಸ್ ತನ್ನ ದಿನಚರಿಯಲ್ಲಿ ಶಾಪ ಹಾಕಿದ್ದಾನೆ. ಚರ್ಮದ ಪಾದರಕ್ಷೆ ದಾಟಿ ಮುಳ್ಳು ಒಳಗೆ ಬರುತ್ತಿತ್ತು. ಹಾಗಾಗಿ ಅವರು ಅಡಿಗೆ ಇನ್ನೊಂದು ಪದರ ಚರ್ಮ ಹೊಲಿದುಕೊಂಡರು. ಮುಂದೆ 1818ರಲ್ಲಿ ಸಸ್ಯಶಾಸ್ತ್ರಜ್ಞ ಥಾಮಸ್ ನಟಾಲ್ ಇದಕ್ಕೆ ಕ್ಯಾಕ್ಟಸ್ ಫೆರಾಕ್ಸ್ ಅಂತ ಹೆಸರಿಟ್ಟ. ಆ ಹೆಸರು ನಿಲ್ಲಲಿಲ್ಲ. ಮರುವರ್ಷ, 1819ರಲ್ಲಿ, ಏಡ್ರಿಯನ್ ಹಾವರ್ತ್ ಕೊಟ್ಟ ಹೆಸರೇ ಇವತ್ತಿಗೂ ಇದೆ.

ಹೊರಡುವ ಮೊದಲು

ದಪ್ಪ ಅಟ್ಟೆಯ, ಹಿಮ್ಮಡಿಯ ಮೇಲಕ್ಕೂ ಬರುವ ಶೂ ಬೇಕು. ಬಟ್ಟೆಯ ಸ್ಪೋರ್ಟ್ಸ್ ಶೂ ಉಪಯೋಗವಿಲ್ಲ, ಮುಳ್ಳು ಬದಿಯಿಂದ ಸಲೀಸಾಗಿ ಒಳಬರುತ್ತದೆ. ಒಂದು ಸಣ್ಣ ಸ್ಕೇಲ್, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಉದ್ದನೆಯ ಚಿಮಟ, ಚಾಕು, ಒಂದು ಕೋಲು. ಫೋಟೊಗೆ ಫೋನ್ ಸಾಕು.

ಬೇರೆಲ್ಲ ಮರೆತರೂ ಒಂದು ಮಾತು ನೆನಪಿಡಿ: ನೋಡದೆ ಮಂಡಿಯೂರಬೇಡಿ. ಹೂವಿನ ಫೋಟೊ ತೆಗೆಯುವ ಉತ್ಸಾಹದಲ್ಲಿ ಪಕ್ಕದ ಪೊದೆಯ ಮೇಲೆ ಮಂಡಿ ಊರಿದರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು. ಹುಲ್ಲಿನ ಮಧ್ಯೆ ಕಳ್ಳಿಯ ಒಂಟಿ ತುಂಡುಗಳು ಕಾಣದಂತೆ ಬಿದ್ದಿರುತ್ತವೆ. ಕೋಲಿನಿಂದ ಹುಲ್ಲು ಸರಿಸಿ ನೋಡಿ. ಕೋಲಿಗೆ ಇನ್ನೊಂದು ಕೆಲಸವೂ ಇದೆ. ಇದೇ ಬಯಲುಗಳಲ್ಲಿ ಪ್ರೇರಿ ರ‍್ಯಾಟಲ್‌ಸ್ನೇಕ್ ಎಂಬ ವಿಷದ ಹಾವು ಇರುತ್ತದೆ, ಪೊದೆಯ ನೆರಳು ಅದಕ್ಕೂ ಇಷ್ಟ. ನಾಯಿ ಜೊತೆಗಿದ್ದರೆ ಹಗ್ಗ ಬಿಡಬೇಡಿ.

ಇನ್ನು ಹೆಸರುಗಳ ವಿಷಯ. ಈ ಬರಹದಲ್ಲಿ ಕಳ್ಳಿಯ ಒಂದೊಂದು ಚಪ್ಪಟೆ ತುಂಡಿಗೆ ಬಿಲ್ಲೆ ಎನ್ನುತ್ತೇನೆ. ಅದು ಎಲೆಯಲ್ಲ, ಕಾಂಡ. ಬಿಲ್ಲೆಯ ಮೇಲೆ ಮುಳ್ಳು ಹೊರಡುವ ಚುಕ್ಕೆಗೆ ಕಣ್ಣು, ಕಣ್ಣಿನಲ್ಲಿ ದೊಡ್ಡ ಮುಳ್ಳಿನ ಬುಡದಲ್ಲಿ ಗುಂಪಾಗಿರುವ ಕೂದಲಿನಂಥ ಸಣ್ಣ ಮುಳ್ಳಿಗೆ ಸುಂಕು. ವಿಜ್ಞಾನದ ಪುಸ್ತಕಗಳಲ್ಲಿ ಕಣ್ಣಿಗೆ ಏರಿಯೋಲ್ ಎಂದೂ ಸುಂಕಿಗೆ ಗ್ಲಾಕಿಡ್ ಎಂದೂ ಇರುತ್ತದೆ.

ಹೆಜ್ಜೆ 1: ಇದು ಕಳ್ಳಿಯೇ ಹೌದಾ?

ಇದು ಸುಲಭ. ಬಯಲಿನಲ್ಲಿ ಚುಚ್ಚುವ ಗಿಡ ಬೇಕಾದಷ್ಟಿವೆ. ಯಕ್ಕಾ ಗಿಡದ ಎಲೆಯ ತುದಿ ಚುಚ್ಚುತ್ತದೆ, ಥಿಸಲ್ ಗಿಡದ ಎಲೆಯ ಅಂಚು ಚುಚ್ಚುತ್ತದೆ. ಅವುಗಳಲ್ಲಿ ಎಲೆ ಎದ್ದು ಕಾಣುತ್ತದೆ. ಕಳ್ಳಿಯಲ್ಲಿ ಮುಳ್ಳುಗಳು ಕಣ್ಣಿನಿಂದಲೇ, ಗೊಂಚಲಾಗಿ ಹೊರಡುತ್ತವೆ. ಕಣ್ಣು ಇದ್ದರೆ ಕಳ್ಳಿ. ಕಣ್ಣಿನಲ್ಲಿ ಸುಂಕೂ ಇದ್ದರೆ ಒಪನ್ಶಿಯಾ ಅಥವಾ ಅದರ ಹತ್ತಿರದ ಬಳಗ.

ಹಾಗಂತ ಸುಂಕು ಇದೆಯಾ ಅಂತ ಬೆರಳಿಂದ ಮುಟ್ಟಿ ನೋಡಬೇಡಿ. ಭೂತಗನ್ನಡಿ ಇರುವುದು ಅದಕ್ಕೇ. ದೊಡ್ಡ ಮುಳ್ಳು ಚುಚ್ಚಿದರೆ ಕಿತ್ತು ಹಾಕಬಹುದು. ಸುಂಕಿಗೆ ಹಿಮ್ಮುಖದ ಸಣ್ಣ ಕೊಕ್ಕೆಗಳಿರುತ್ತವೆ, ಮುಟ್ಟಿದರೆ ಸಾಕು, ಗಿಡದಿಂದ ಕಳಚಿ ಚರ್ಮಕ್ಕೆ ಕೂರುತ್ತದೆ. ಹಾಗೇನಾದರೂ ಆದರೆ ಉಜ್ಜಬೇಡಿ. ಕಾಣುವಷ್ಟನ್ನು ಚಿಮಟದಲ್ಲಿ ತೆಗೆಯಿರಿ. ಉಳಿದದ್ದರ ಮೇಲೆ ಬಿಳಿ ಅಂಟು ಹಚ್ಚಿ, ತೆಳುವಾದ ಗಾಜ್ ಬಟ್ಟೆ ಒತ್ತಿ, ಪೂರ್ತಿ ಒಣಗಿದ ಮೇಲೆ ಎಳೆದರೆ ಬಹುಪಾಲು ಅದರ ಜೊತೆ ಬರುತ್ತದೆ. ಆ ಕೈಯಲ್ಲಿ ನಿಮ್ಮ ಕಣ್ಣು ಮಾತ್ರ ಉಜ್ಜಿಕೊಳ್ಳಬೇಡಿ.

ಹೆಜ್ಜೆ 2: ಚಪ್ಪಟೆಯಾ, ಉರುಟಾ?

ತುಂಡುಗಳು ಚಪ್ಪಟೆಯಾಗಿದ್ದರೆ ಮುಂದಕ್ಕೆ ಹೋಗಿ. ಚಪ್ಪಟೆ ಅಲ್ಲದಿದ್ದರೆ ಅದು ಬೇರೆ ಕಳ್ಳಿ.

ಉರುಟು ಕೋಲಿನಂಥ ಕಾಂಡ, ಪೊದೆಯಾಗಿ ಮೇಲೆ ಎದ್ದಿದೆ ಅಂದರೆ ಅದು ಚೋಯಾ ಬಳಗ, ಸಿಲಿಂಡ್ರೊಪನ್ಶಿಯಾ. ಅದರ ಮುಳ್ಳಿನ ಮೇಲೆ ಕಾಗದದಂಥ ತೆಳು ಕವಚ ಇರುತ್ತದೆ, ಚಿಮಟದಿಂದ ಎಳೆದರೆ ಕಳಚಿ ಬರುತ್ತದೆ. ಒಪನ್ಶಿಯಾದ ಮುಳ್ಳಿಗೆ ಕವಚ ಇಲ್ಲವೇ ಇಲ್ಲ. ನ್ಯೂ ಮೆಕ್ಸಿಕೊದ ಹುಲ್ಲುಗಾವಲುಗಳಲ್ಲಿ ಗ್ರುಸೋನಿಯಾ ಕ್ಲಾವೇಟಾ ಅಂತ ಇನ್ನೊಂದಿದೆ. ಅದೂ ನೆಲಕ್ಕೆ ಅಂಟಿ ಚಾಪೆಯಾಗಿ ಹರಡುತ್ತದೆ, ದೂರದಿಂದ ನೋಡಿದರೆ ಮೋಸ ಹೋಗುವುದು ಖಂಡಿತ. ಹತ್ತಿರ ಹೋದರೆ ತುಂಡುಗಳು ಗದೆಯ ಆಕಾರದಲ್ಲಿ ಉರುಟಾಗಿರುತ್ತವೆ, ಮುಳ್ಳು ಬಿಳಿಯಾಗಿ, ಕತ್ತಿಯಂತೆ ಚಪ್ಪಟೆಯಾಗಿರುತ್ತದೆ.

ಚೆಂಡಿನ ಆಕಾರದ, ಮೈಮೇಲೆ ಮೊಗ್ಗು ಮೊಗ್ಗಾಗಿ ಉಬ್ಬುಗಳಿರುವ ಕಳ್ಳಿ ಸಿಕ್ಕಿತಾ? ಅದು ಎಸ್ಕೊಬೇರಿಯಾ ವಿವಿಪಾರಾ ಇರಬಹುದು. ಬಯಲಿನಲ್ಲಿ ಅದೂ ಸಾಮಾನ್ಯ, ಅದರ ಹೂವು ಗಾಢ ಗುಲಾಬಿ. ಅದರಲ್ಲಿ ಸುಂಕು ಇರುವುದಿಲ್ಲ.

ಹೆಜ್ಜೆ 3: ಗಿಡದ ನಿಲುವು

ಎರಡು ಹೆಜ್ಜೆ ಹಿಂದೆ ಸರಿದು ಇಡೀ ಪೊದೆ ನೋಡಿ. ಪ್ಲೇನ್ಸ್ ಪ್ರಿಕ್ಲಿ ಪೇರ್ ಕುಳ್ಳ ಗಿಡ. ಹುಲ್ಲುಗಾವಲಿನಲ್ಲಿ ಸಾಮಾನ್ಯವಾಗಿ 10ರಿಂದ 25 ಸೆಂಟಿಮೀಟರ್ ಎತ್ತರ, ಅಂದರೆ ಪಾದದ ಗಂಟಿನಿಂದ ಸ್ವಲ್ಪ ಮೇಲಕ್ಕೆ. ಆದರೆ ಅಗಲಕ್ಕೆ ಲೆಕ್ಕವಿಲ್ಲ. ಒಂದರ ಮೇಲೊಂದು ಎರಡು ಮೂರು ಬಿಲ್ಲೆ ಬೆಳೆಯುತ್ತದೆ, ಭಾರಕ್ಕೆ ವಾಲುತ್ತದೆ, ನೆಲ ಮುಟ್ಟಿದ ಕಡೆ ಬೇರು ಬಿಡುತ್ತದೆ, ಅಲ್ಲಿಂದ ಮತ್ತೆ ಹೊಸ ಬಿಲ್ಲೆ. ಹೀಗೆ ಚಾಪೆ ಹರಡುತ್ತಾ ಹೋಗುತ್ತದೆ. ಒಂದೇ ಗಿಡವೋ ಹತ್ತು ಗಿಡವೋ ಹೇಳುವುದು ಕಷ್ಟ. ಬುಡದಲ್ಲಿ ಮರದ ಹಾಗೆ ಒಂದು ಮುಖ್ಯ ಕಾಂಡ ಕಂಡರೆ, ಅಥವಾ ಗಿಡ ನಿಮ್ಮ ಸೊಂಟ ಮುಟ್ಟುತ್ತಿದ್ದರೆ, ಅದು ಖಂಡಿತ ಇದಲ್ಲ. ದಕ್ಷಿಣದ ಕಡೆ ಸಿಗುವ ಒಪನ್ಶಿಯಾ ಎಂಗಲ್‌ಮನ್ನಿಯಂಥ ದೊಡ್ಡ ಪೊದೆ ಇರಬಹುದು.

ಸುತ್ತಲಿನ ಹುಲ್ಲನ್ನೂ ಗಮನಿಸಿ. ಬ್ಲೂ ಗ್ರಾಮಾ, ಬಫೆಲೊ ಗ್ರಾಸ್‌ನಂಥ ಗಿಡ್ಡ ಹುಲ್ಲಿನ ಬಯಲು, ಸೇಜ್‌ಬ್ರಷ್ ಪೊದೆಗಳ ಒಣ ಭೂಮಿ, ಮರಳು ಅಥವಾ ಜಲ್ಲಿ ಮಣ್ಣಿನ ಇಳಿಜಾರು, ಇವೆಲ್ಲ ಇದರ ಜಾಗ. ದನ ಚೆನ್ನಾಗಿ ಮೇಯ್ದ ಬಯಲಿನಲ್ಲಿ ಕಳ್ಳಿಯ ಪೊದೆಯೊಳಗೆ ಮಾತ್ರ ಹುಲ್ಲು ಎತ್ತರಕ್ಕೆ ನಿಂತಿರುವುದು ಕಾಣುತ್ತದೆ. ದನದ ಮೂತಿ ಅಲ್ಲಿಗೆ ಹೋಗುವುದಿಲ್ಲ ತಾನೇ? ರೈತರಿಗೆ ಇದರ ಮೇಲೆ ಕೋಪ ಇರುವುದೂ ಇದಕ್ಕೇ: ಮೇವು ಇದೆ, ಆದರೆ ಸಿಗುವುದಿಲ್ಲ. ನನಗನಿಸುವಂತೆ ಆ ಕೋಪ ಅರ್ಧ ಮಾತ್ರ ನ್ಯಾಯ. ಬರಗಾಲದಲ್ಲಿ ಬಯಲೆಲ್ಲ ಬೋಳಾದಾಗ ಹುಲ್ಲಿನ ಬೀಜ ಉಳಿಯುವುದು ಆ ಮುಳ್ಳಿನ ಬೇಲಿಯೊಳಗೇ.

ಹೆಜ್ಜೆ 4: ಬಿಲ್ಲೆಯನ್ನು ಅಳೆಯಿರಿ, ಕಣ್ಣನ್ನು ಎಣಿಸಿ

ಪೊದೆಯ ತುದಿಯ ಎಳೆ ಬಿಲ್ಲೆ ಬೇಡ, ಮಣ್ಣಿಗೆ ಒತ್ತಿಕೊಂಡ ಹಳೆಯದೂ ಬೇಡ. ಕಳೆದ ವರ್ಷ ಬೆಳೆದು ಗಟ್ಟಿಯಾದ ಬಿಲ್ಲೆ ಆರಿಸಿ. ಒಂದಲ್ಲ, ಬೇರೆ ಬೇರೆ ಪೊದೆಗಳಿಂದ ನಾಲ್ಕೈದು. ಒಂದೇ ಬಿಲ್ಲೆ ನೋಡಿ ತೀರ್ಮಾನಿಸುವವರೇ ಜಾಸ್ತಿ, ತಪ್ಪುವುದೂ ಅಲ್ಲಿಯೇ.

ಬಯಲಿನ ಸಾಮಾನ್ಯ ಗಿಡದಲ್ಲಿ ಬಿಲ್ಲೆ ಸುಮಾರು 5ರಿಂದ 12 ಸೆಂಟಿಮೀಟರ್ ಉದ್ದ, ದುಂಡಗೆ ಅಥವಾ ಮೊಟ್ಟೆಯಾಕಾರ. ಪಶ್ಚಿಮದ ಒಣ ಪ್ರದೇಶಗಳಲ್ಲಿ ಇದಕ್ಕಿಂತ ದೊಡ್ಡದೂ ಇರುತ್ತದೆ. ದಪ್ಪ ಎಷ್ಟಿದೆ ಎಂದು ಬದಿಯಿಂದ ನೋಡಿ. ಸ್ಪಷ್ಟವಾಗಿ ಚಪ್ಪಟೆಯಾಗಿರಬೇಕು.

ಈಗ ಕಣ್ಣು ಎಣಿಸುವ ಕೆಲಸ. ಬಿಲ್ಲೆಯ ಮೇಲೆ ಕಣ್ಣುಗಳು ಓರೆ ಸಾಲಿನಲ್ಲಿ ಕೂತಿರುತ್ತವೆ. ಬಿಲ್ಲೆಯ ನಡುಭಾಗದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವ ಒಂದು ಓರೆ ಸಾಲು ಹಿಡಿದು ಎಣಿಸಿ. 6ರಿಂದ 14 ಕಣ್ಣು ಸಿಕ್ಕರೆ ಪಾಲಿಯಕ್ಯಾಂತಾ ಇರುವ ಸಾಧ್ಯತೆ ಹೆಚ್ಚು. 3ರಿಂದ 5 ಮಾತ್ರ ಸಿಕ್ಕರೆ ನಿಮ್ಮ ಮುಂದಿರುವುದು ಬಹುಶಃ ಇದರ ಹತ್ತಿರದ ಸಂಬಂಧಿ ಒಪನ್ಶಿಯಾ ಫ್ರಾಜಿಲಿಸ್. ಇದೊಂದು ಎಣಿಕೆಯಷ್ಟು ಉಪಯೋಗಕ್ಕೆ ಬರುವ ಗುರುತು ಹೂವೂ ಕಾಯಿಯೂ ಇಲ್ಲದ ಕಾಲದಲ್ಲಿ ಇನ್ನೊಂದಿಲ್ಲ. ಆದರೂ ಬಹಳ ಮಂದಿ ಎಣಿಸುವುದೇ ಇಲ್ಲ.

ಜೊತೆಗೆ ಇನ್ನೊಂದು ಪರೀಕ್ಷೆ. ಕೋಲಿನ ತುದಿಯಿಂದ ಮೇಲಿನ ಬಿಲ್ಲೆಯನ್ನು ಮೆಲ್ಲಗೆ ತಳ್ಳಿ. ಸುಮ್ನೆ ತಗುಲಿದ್ದಕ್ಕೇ ಕಳಚಿ ಬಂತಾ? ಹಾಗಿದ್ದರೆ ಫ್ರಾಜಿಲಿಸ್. ಪಾಲಿಯಕ್ಯಾಂತಾದ ಬಿಲ್ಲೆ ಗಟ್ಟಿಯಾಗಿ ಕೂತಿರುತ್ತದೆ, ಕೀಳಲು ಬಲ ಬೇಕು.

ವಸಂತದಲ್ಲಿ ಹೊಸ ಬಿಲ್ಲೆ ಮೂಡುವಾಗ ಒಂದೊಂದು ಕಣ್ಣಿನ ಕೆಳಗೂ ಸಣ್ಣ, ಮೊನಚಾದ, ಹಸಿರು ಕಡ್ಡಿಯಂಥದ್ದು ಕಾಣುತ್ತದೆ. ಅದೇ ಕಳ್ಳಿಯ ನಿಜವಾದ ಎಲೆ. ಕೆಲವು ವಾರದಲ್ಲಿ ಉದುರಿ ಹೋಗುತ್ತದೆ. ಅದನ್ನು ಎಳೆ ಮುಳ್ಳು ಎಂದು ಲೆಕ್ಕಕ್ಕೆ ಸೇರಿಸಬೇಡಿ.

ಹೆಜ್ಜೆ 5: ಮುಳ್ಳು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎಂದು ನೋಡಿ

ಈ ಪ್ರಭೇದದಲ್ಲಿ ಒಂದು ಕಣ್ಣಿನಿಂದ ಮುಳ್ಳು ಒಂದೂ ಇಲ್ಲದೆ ಇರಬಹುದು, 18ರವರೆಗೂ ಇರಬಹುದು. ಅಷ್ಟು ವ್ಯತ್ಯಾಸ ಇರುವ ಗುರುತನ್ನು ನಂಬಿ ಹೆಸರಿಡುವುದು ಹೇಗೆ ಹೇಳಿ? ಬಣ್ಣವೂ ಅಷ್ಟೆ. ಹಳದಿ, ಕಂದು, ಬೂದು, ಕೆಲವೊಮ್ಮೆ ಕಪ್ಪು. ಎಳೆಯದಾಗಿದ್ದಾಗ ಒಂದು ಬಣ್ಣ, ವಯಸ್ಸಾದ ಮೇಲೆ ಬೂದು.

ಅದಕ್ಕಿಂತ ಮುಳ್ಳು ಬಿಲ್ಲೆಯ ಯಾವ ಭಾಗದಲ್ಲಿದೆ ಎನ್ನುವುದು ಹೆಚ್ಚು ಹೇಳುತ್ತದೆ. ಬಯಲಿನ ಸಾಮಾನ್ಯ ಪಾಲಿಯಕ್ಯಾಂತಾದಲ್ಲಿ ಮುಳ್ಳು ಬಹುತೇಕ ಎಲ್ಲ ಕಣ್ಣುಗಳಲ್ಲೂ ಇರುತ್ತದೆ, ಬಿಲ್ಲೆಯ ಬುಡದ ಕಡೆಗೂ ಇರುತ್ತದೆ. ಅದೇ ಇನ್ನೊಂದು ಸಂಬಂಧಿ ಒಪನ್ಶಿಯಾ ಮ್ಯಾಕ್ರೊರೈಜಾದಲ್ಲಿ ಮುಳ್ಳು ಮೇಲಿನ ಭಾಗಕ್ಕೆ, ಅಂಚಿಗೆ ಸೀಮಿತ. ಕೆಳಗಿನ ಕಣ್ಣುಗಳಲ್ಲಿ ಬರೀ ಸುಂಕು. ಹಾಗಾಗಿ ಬಿಲ್ಲೆಯ ಕೆಳಗಿನ ಅರ್ಧವನ್ನು ಮರೆಯದೆ ನೋಡಿ, ಅದರ ಫೋಟೊ ತೆಗೆಯಿರಿ.

ಒಂದೇ ಕಣ್ಣಿನ ಮುಳ್ಳುಗಳಲ್ಲೂ ಎರಡು ಬಗೆ ಕಾಣಬಹುದು. ಕೆಲವು ಉದ್ದ, ಹೊರಕ್ಕೆ ಚಾಚಿದವು. ಉಳಿದವು ಸಣ್ಣವು, ಕೆಳಮುಖವಾಗಿ ಬಿಲ್ಲೆಯ ಮೈಗೆ ಒರಗಿದವು. ಈ ಕೆಳಮುಖದ ಸಣ್ಣ ಮುಳ್ಳುಗಳಿಂದಲೇ ಬಿಲ್ಲೆಯ ಮೈ ಬಲೆ ಹೊದ್ದಂತೆ ಕಾಣುವುದು.

ಮುಳ್ಳು ಮೋಸ ಮಾಡುವ ಸಂದರ್ಭಗಳೂ ಇವೆ. ನೆರಳಲ್ಲಿ ಬೆಳೆದ ಗಿಡದಲ್ಲಿ ಮುಳ್ಳು ಕಡಿಮೆ ಇರಬಹುದು. ಬಯಲಿಗೆ ಬೆಂಕಿ ಬಿದ್ದಿದ್ದರೆ ಮುಳ್ಳು ಸುಟ್ಟು ಬೋಳಾಗಿರಬಹುದು. ಬರಗಾಲದಲ್ಲಿ ಕಳ್ಳಿಯ ಮುಳ್ಳನ್ನು ಗ್ಯಾಸ್ ಉರಿಯಿಂದ ಸುಟ್ಟು ದನಗಳಿಗೆ ಮೇವಾಗಿ ಬಿಡುವ ರೂಢಿ ಅಮೆರಿಕದ ರ‍್ಯಾಂಚ್‌ಗಳಲ್ಲಿದೆ. ಟೆಕ್ಸಾಸ್ ಕಡೆ ಈ ಸಾಧನಕ್ಕೆ ಪೇರ್ ಬರ್ನರ್ ಎನ್ನುತ್ತಾರೆ. ಅಂಥ ಬಿಲ್ಲೆ ನೋಡಿ ಮುಳ್ಳಿಲ್ಲದ ಪ್ರಭೇದ ಎಂದು ಬರೆದುಕೊಂಡರೆ ಕಥೆ ಮುಗಿಯಿತು. ಕಣ್ಣುಗಳಲ್ಲಿ ಕಪ್ಪಾದ ಮೊಂಡು ಬುಡಗಳು ಉಳಿದಿವೆಯೇ ನೋಡಿ.

ಹೆಜ್ಜೆ 6: ಹೂವು

ಮೇ ತಿಂಗಳಿಂದ ಜುಲೈವರೆಗೆ, ಜಾಗಕ್ಕೆ ತಕ್ಕ ಹಾಗೆ, ಹೂವು ಬರುತ್ತದೆ. ದೊಡ್ಡ ಹೂವು, ರೇಷ್ಮೆಯ ಹೊಳಪು. ಬಯಲಿನಲ್ಲಿ ಹೆಚ್ಚಾಗಿ ಹಳದಿ. ಆದರೆ ಗುಲಾಬಿ, ಕಡುಗೆಂಪು ಮಿಶ್ರಿತ ನೇರಳೆಯೂ ಇದೇ ಪ್ರಭೇದದಲ್ಲಿ ಉಂಟು. ಒಂದೇ ಬಯಲಿನಲ್ಲಿ ಎರಡೂ ಬಣ್ಣ ಕಂಡರೆ ಎರಡು ಪ್ರಭೇದ ಎಂದು ಗಾಬರಿಯಾಗಬೇಡಿ. ಹಳದಿ ಹೂವು ಬಾಡುವಾಗ ಕಿತ್ತಳೆಗೆ ತಿರುಗುವುದೂ ಇದೆ.

ಬಣ್ಣ ಬಿಡಿ, ಹೂವಿನ ನಡುವಿಗೆ ಬನ್ನಿ. ಶಲಾಕೆಯ ತುದಿ, ಅಂದರೆ ಮಧ್ಯದ ಕಂಬದ ತಲೆ, ಹಸಿರಾಗಿರುತ್ತದೆ. ದಳಗಳ ಬುಡದಲ್ಲಿ ಕೆಂಪು ಇದೆಯಾ ನೋಡಿ. ಹಳದಿ ದಳ, ಬುಡದಲ್ಲಿ ಎದ್ದು ಕಾಣುವ ಕೆಂಪು ಅಂದರೆ ಮ್ಯಾಕ್ರೊರೈಜಾ ಕಡೆ ಅನುಮಾನ ತಿರುಗಲಿ. ಕೇಸರಗಳನ್ನು ಒಂದು ಹುಲ್ಲುಕಡ್ಡಿಯಿಂದ ಮುಟ್ಟಿದರೆ ಅವು ಒಳಕ್ಕೆ ಬಾಗುತ್ತವೆ. ಇದು ಒಪನ್ಶಿಯಾಗಳಲ್ಲಿ ಸಾಮಾನ್ಯ, ಗುರುತಿಸಲು ಉಪಯೋಗ ಇಲ್ಲ. ಆದರೂ ಒಮ್ಮೆ ಮಾಡಿ ನೋಡಿ, ಚೆನ್ನಾಗಿರುತ್ತದೆ.

ಹೆಜ್ಜೆ 7: ಕಾಯಿ

ಇಲ್ಲಿ ಆತುರ ಬೇಡ. ಪಾಲಿಯಕ್ಯಾಂತಾದ ಕಾಯಿ ಬಲಿತ ಮೇಲೆ ಒಣಗುತ್ತದೆ. ತಿಳಿ ಕಂದು ಬಣ್ಣ, 1.5ರಿಂದ 4.5 ಸೆಂಟಿಮೀಟರ್ ಉದ್ದ, ಮೇಲಿನ ಅರ್ಧದಲ್ಲಾದರೂ ಮುಳ್ಳು. ಕೈಯಲ್ಲಿ ಹಿಡಿಯಲಾಗದ ಮುಳ್ಳಿನ ಉಂಡೆ. ಒಳಗೆ ತಿರುಳು ಇಲ್ಲ, ರಸ ಇಲ್ಲ, ಬೀಜ ಮಾತ್ರ. ಬೀಜ ಚಪ್ಪಟೆ, ಕೆನೆ ಅಥವಾ ತಿಳಿ ಕಂದು ಬಣ್ಣ, 3ರಿಂದ 7 ಮಿಲಿಮೀಟರ್.

ಇದಕ್ಕೆ ಎದುರಾಗಿ ಇದೇ ಕುಲದ ಮ್ಯಾಕ್ರೊರೈಜಾ, ಹ್ಯೂಮಿಫ್ಯೂಸಾ, ಫೀಯಕ್ಯಾಂತಾಗಳ ಕಾಯಿ ತಿರುಳು ತುಂಬಿ ಹಣ್ಣಾಗುತ್ತದೆ. ಕೆಂಪು ಅಥವಾ ನೇರಳೆ. ಅದರ ಮೈಮೇಲೆ ಸುಂಕು ಇರುತ್ತದೆ, ಉದ್ದ ಮುಳ್ಳು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಒಣಗುವ ಕಾಯೋ ರಸದ ಹಣ್ಣೋ ಎಂಬ ಒಂದೇ ಪ್ರಶ್ನೆ ಬಯಲಿನ ಚಪ್ಪಟೆ ಕಳ್ಳಿಗಳನ್ನು ಎರಡು ಗುಂಪು ಮಾಡಿಬಿಡುತ್ತದೆ.

ಅಷ್ಟು ಸುಲಭ ಇದ್ದರೆ ಎಲ್ಲರೂ ಸರಿಯಾಗಿಯೇ ಹೇಳುತ್ತಿದ್ದರು. ತೊಂದರೆ ಬರುವುದು ಕಾಲದಲ್ಲಿ. ಹೂವು ಉದುರಿದ ಹೊಸದರಲ್ಲಿ ಪಾಲಿಯಕ್ಯಾಂತಾದ ಕಾಯಿಯೂ ಹಸಿರಾಗಿ, ತುಂಬಿಕೊಂಡು, ರಸಭರಿತ ಎಂಬಂತೆ ಕಾಣುತ್ತದೆ. ಜೂನ್ ಕೊನೆಯಲ್ಲಿ ಅದನ್ನು ನೋಡಿ ಇದು ರಸದ ಹಣ್ಣಿನ ಪ್ರಭೇದ ಎಂದು ಬರೆದರೆ ತಪ್ಪಾಯಿತು. ಹಸಿರು ಕಾಯಿಯಲ್ಲಿ ನೋಡಬೇಕಾದ್ದು ಮುಳ್ಳು. ಕಾಯಿಯ ಕಣ್ಣುಗಳಿಂದ ಗಟ್ಟಿ ಮುಳ್ಳು ಹೊರಟಿದ್ದರೆ ಅದು ಮುಂದೆ ಒಣಗುವ ಕಾಯಿ ಎಂದು ಅಂದಾಜು ಮಾಡಬಹುದು.

ಉಲ್ಟಾ ಮೋಸವೂ ಇದೆ. ರಸದ ಹಣ್ಣು ಯಾರೂ ತಿನ್ನದೆ ಗಿಡದಲ್ಲೇ ಉಳಿದು ಚಳಿಗಾಲ ಕಳೆದರೆ ಅದೂ ಒಣಗುತ್ತದೆ. ಆದರೆ ಒಣಗುವ ರೀತಿ ಬೇರೆ. ರಸದ ಹಣ್ಣು ಸುಕ್ಕುಗಟ್ಟುತ್ತದೆ, ಬಣ್ಣ ಕೆಂಪು ಕಪ್ಪಾಗಿ ಉಳಿಯುತ್ತದೆ, ಚಾಕುವಿನಿಂದ ಸೀಳಿದರೆ ಬೀಜದ ಸುತ್ತ ಒಣಗಿದ ತಿರುಳು ಅಂಟಂಟಾಗಿ ಇರುತ್ತದೆ. ಪಾಲಿಯಕ್ಯಾಂತಾದ ಕಾಯಿ ತೆಳು ಗೋಡೆಯ, ತಿಳಿ ಬಣ್ಣದ, ಮುಳ್ಳಿನ ಗೂಡು. ಒಳಗೆ ಅಂಟು ಇಲ್ಲ.

ಈ ವರ್ಷದ ಕಾಯಿ ಇನ್ನೂ ಹಸಿರಾಗಿದ್ದರೆ ಹಳೆಯ ಕಾಯಿ ಹುಡುಕಿ. ಪೊದೆಯ ಬುಡದಲ್ಲಿ, ಹುಲ್ಲಿನ ಮಧ್ಯೆ, ಕಳೆದ ವರ್ಷದ ಒಣ ಕಾಯಿ ಬಿದ್ದಿರುವುದುಂಟು. ಚಿಮಟದಲ್ಲಿ ಹಿಡಿದು ಸೀಳಿ ನೋಡಿ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹೋಗುವ ಅವಕಾಶ ಇದ್ದರೆ ಅದೇ ಒಳ್ಳೆಯದು. ಹೂವಿನ ಕಾಲಕ್ಕೆ ಎಲ್ಲರೂ ಹೋಗುತ್ತಾರೆ, ಉತ್ತರ ಸಿಗುವುದು ಕಾಯಿ ಒಣಗಿದ ಕಾಲಕ್ಕೆ.

ಒಂದು ಅಪವಾದ ಗೊತ್ತಿರಲಿ. ಮೊಹಾವೆ ಮರುಭೂಮಿ, ಯೂಟಾದ ದಕ್ಷಿಣ ಭಾಗಗಳಲ್ಲಿ ಒಪನ್ಶಿಯಾ ಬ್ಯಾಸಿಲಾರಿಸ್ ಇದೆ. ಅದರ ಕಾಯಿಯೂ ಒಣಗುತ್ತದೆ. ಆದರೆ ಆ ಕಾಯಿಗೆ ಮುಳ್ಳಿಲ್ಲ. ಬಿಲ್ಲೆ ಬೂದು ನೀಲಿ, ಅದರ ಮೇಲೂ ಸಾಮಾನ್ಯವಾಗಿ ಉದ್ದ ಮುಳ್ಳಿಲ್ಲ, ಬರೀ ಸುಂಕು.

ಹೆಜ್ಜೆ 8: ಹತ್ತಿರದ ಸಂಬಂಧಿಗಳನ್ನು ಒಬ್ಬೊಬ್ಬರಾಗಿ ಹೊರಗಿಡಿ

ಅತಿ ಹೆಚ್ಚು ಗೊಂದಲ ಫ್ರಾಜಿಲಿಸ್ ಜೊತೆ. ಅದರ ಕಾಯಿಯೂ ಒಣಗುತ್ತದೆ, ಅದಕ್ಕೂ ಮುಳ್ಳು ಚೆನ್ನಾಗಿದೆ, ಎರಡೂ ಒಂದೇ ಬಯಲಿನಲ್ಲಿ ಅಕ್ಕಪಕ್ಕ ಬೆಳೆಯುತ್ತವೆ. ವ್ಯತ್ಯಾಸ ಬಿಲ್ಲೆಯಲ್ಲಿ. ಫ್ರಾಜಿಲಿಸ್ ಬಿಲ್ಲೆ ಚಿಕ್ಕದು, ಬಹುತೇಕ 2ರಿಂದ 5 ಸೆಂಟಿಮೀಟರ್. ಚಪ್ಪಟೆಗಿಂತ ಉಬ್ಬಿದ್ದೇ ಹೆಚ್ಚು, ಕೆಲವು ಆಲೂಗಡ್ಡೆಯಂತೆ ಗುಂಡಗೆ. ಕಣ್ಣು ಕಡಿಮೆ, ಬಿಲ್ಲೆ ಸುಲಭವಾಗಿ ಕಳಚುತ್ತದೆ. ದನದ ಕಾಲಿಗೆ, ನಾಯಿಯ ಮೈಗೆ, ನಿಮ್ಮ ಶೂಗೆ ಅಂಟಿ ಊರೂರು ಸುತ್ತುವ ಕಳ್ಳಿ ಅದು. ಚಳಿಯಲ್ಲಂತೂ ಎಲ್ಲರನ್ನೂ ಮೀರಿಸಿದೆ, ಕೆನಡಾದ ಪೀಸ್ ನದಿ ಪ್ರದೇಶದವರೆಗೂ, 56 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲೂ ಬೆಳೆಯುತ್ತದೆ.

ತಲೆನೋವು ಏನೆಂದರೆ ಈ ಎರಡೂ ಕೂಡಿ ಮಿಶ್ರತಳಿ ಹುಟ್ಟುತ್ತದೆ. ಅದಕ್ಕೆ ಒಪನ್ಶಿಯಾ ಕೊಲಂಬಿಯಾನಾ ಎಂಬ ಹೆಸರೂ ಇದೆ. ಬಿಲ್ಲೆಯ ಗಾತ್ರ ಮಧ್ಯಮ, ಕಣ್ಣಿನ ಎಣಿಕೆ ಎರಡರ ನಡುವೆ, ಕಳಚುವುದೂ ಅರ್ಧಂಬರ್ಧ ಅಂದರೆ ಬಲವಂತವಾಗಿ ಯಾವುದಾದರೂ ಒಂದು ಕಡೆಗೆ ತಳ್ಳಬೇಡಿ. ಮಿಶ್ರತಳಿ ಇರಬಹುದು ಎಂದೇ ಬರೆಯಿರಿ.

ಮ್ಯಾಕ್ರೊರೈಜಾವನ್ನು ಹೊರಗಿಡುವುದು ಸುಲಭ: ಮೇಲಿನ ಭಾಗದಲ್ಲಷ್ಟೇ ಮುಳ್ಳು, ರಸದ ಹಣ್ಣು, ಹಳದಿ ಹೂವಿನ ಬುಡದಲ್ಲಿ ಕೆಂಪು. ಅದಕ್ಕೆ ಗಡ್ಡೆಯಂಥ ಬೇರೂ ಇರುತ್ತದೆ. ಆದರೆ ಗುರುತಿಸಲು ಗಿಡ ಅಗೆಯುವ ಅಗತ್ಯವಿಲ್ಲ, ಸರಕಾರಿ ಜಾಗವಾದರೆ ಅನುಮತಿ ಇಲ್ಲದೆ ಅಗೆಯಲೂಬಾರದು. ಹ್ಯೂಮಿಫ್ಯೂಸಾ ಪೂರ್ವದ ರಾಜ್ಯಗಳ ಗಿಡ, ಮುಳ್ಳು ಕಣ್ಣಿಗೆ ಒಂದೋ ಎರಡೋ, ಅನೇಕ ಸಲ ಇಲ್ಲವೇ ಇಲ್ಲ. ಫೀಯಕ್ಯಾಂತಾ ನೈಋತ್ಯದ್ದು, ಬಿಲ್ಲೆ ದೊಡ್ಡದು, ಮುಳ್ಳು ಕಂದು, ಹಣ್ಣು ದ್ರಾಕ್ಷಿ ಬಣ್ಣ.

ಹೆಜ್ಜೆ 9: ಯಾವ ಬಗೆ?

ಪ್ರಭೇದ ಗೊತ್ತಾದ ಮೇಲೆ ಸಾಕು ಎನ್ನುವವರು ಇದನ್ನು ಬಿಡಬಹುದು. ಪಾಲಿಯಕ್ಯಾಂತಾದೊಳಗೆ ಐದು ಬಗೆಗಳನ್ನು ಸಸ್ಯಶಾಸ್ತ್ರಜ್ಞರು ಗುರುತಿಸುತ್ತಾರೆ: ಪಾಲಿಯಕ್ಯಾಂತಾ, ಹಿಸ್ಟ್ರಿಸಿನಾ, ಟ್ರೈಕೋಫೋರಾ, ಎರಿನೇಸಿಯಾ, ನಿಕೋಲಿ. ಬಯಲಿನಲ್ಲಿ ಸಿಗುವುದು ಬಹುಪಾಲು ಮೊದಲನೆಯದೇ. ಬಿಲ್ಲೆಯ ಕೆಳಭಾಗದಿಂದ ಬಿಳಿ ಕೂದಲಿನಂತೆ ಮೆದುವಾದ, ಬಾಗುವ ಉದ್ದ ಮುಳ್ಳು ಇಳಿಬಿದ್ದಿದ್ದರೆ ಟ್ರೈಕೋಫೋರಾ. ಕೊಲೊರಾಡೊ ಪ್ರಸ್ಥಭೂಮಿಯಲ್ಲಿ ದೊಡ್ಡ ಬಿಲ್ಲೆ, ಉದ್ದ ಗಟ್ಟಿ ಮುಳ್ಳು ಅಂದರೆ ಹಿಸ್ಟ್ರಿಸಿನಾ ಇರಬಹುದು. ಮೊಹಾವೆ ಕಡೆ ಬಿಲ್ಲೆಯೇ ಕಾಣದಷ್ಟು ಮುಳ್ಳು ಹೊದ್ದಿರುವ ಗಿಡ ಎರಿನೇಸಿಯಾ. ಅದರ ಮುಳ್ಳು 10 ಸೆಂಟಿಮೀಟರ್ ದಾಟುವುದೂ ಉಂಟು. ಹಳೆಯ ಪುಸ್ತಕಗಳಲ್ಲಿ ಇವುಗಳಲ್ಲಿ ಕೆಲವು ಪ್ರತ್ಯೇಕ ಪ್ರಭೇದಗಳಾಗಿಯೇ ಇವೆ. ಒಪನ್ಶಿಯಾ ಎರಿನೇಸಿಯಾ ಎಂದು ಎಲ್ಲಾದರೂ ಕಂಡರೆ ಅದು ಇದೇ.

ಚಳಿಗಾಲದಲ್ಲಿ ಹೋದರೆ

ಗಿಡ ಸತ್ತಿದೆ ಅನಿಸುತ್ತದೆ. ಬಿಲ್ಲೆಗಳು ಸುಕ್ಕುಗಟ್ಟಿ, ತೆಳುವಾಗಿ, ನೇರಳೆ ಬಣ್ಣಕ್ಕೆ ತಿರುಗಿ ನೆಲದ ಮೇಲೆ ಮಲಗಿರುತ್ತವೆ. ಸತ್ತಿಲ್ಲ. ಹಿಮ ಗಟ್ಟಿಯಾಗಿ ಜೀವಕೋಶ ಒಡೆಯದಿರಲಿ ಎಂದು ಗಿಡ ಮೊದಲೇ ನೀರು ಕಡಿಮೆ ಮಾಡಿಕೊಳ್ಳುತ್ತದೆ. ವಸಂತದಲ್ಲಿ ಮತ್ತೆ ನೀರು ಕುಡಿದು ಎದ್ದು ನಿಲ್ಲುತ್ತದೆ. ಈ ಕಾಲದಲ್ಲಿ ಬಿಲ್ಲೆಯ ದಪ್ಪ, ಬಣ್ಣ, ಆಕಾರ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕಣ್ಣಿನ ಎಣಿಕೆ ಮತ್ತು ಹಳೆಯ ಕಾಯಿ, ಇವೆರಡೇ ಗತಿ.

ಕೀಟಗಳ ಗುರುತನ್ನು ಗಿಡದ ಗುರುತು ಎಂದುಕೊಳ್ಳಬೇಡಿ

ಬಿಲ್ಲೆಯ ಮೇಲೆ ಹತ್ತಿಯಂಥ ಬಿಳಿ ಉಂಡೆಗಳು ಕಂಡರೆ ಅದು ಗಿಡದ ಕೂದಲಲ್ಲ. ಡ್ಯಾಕ್ಟಿಲೋಪಿಯಸ್ ಎಂಬ ಸಣ್ಣ ಕೀಟ, ಕೋಚಿನೀಲ್ ಬಳಗದ್ದು. ಕಡ್ಡಿಯಿಂದ ಅಮುಕಿದರೆ ಕಡು ಕೆಂಪು ರಸ ಬರುತ್ತದೆ. ಬಿಲ್ಲೆಯ ಮೇಲೆ ಗುಂಡಗೆ ತಿಳಿ ಬಣ್ಣದ ಕಲೆಗಳಿದ್ದರೆ ರಸ ಹೀರುವ ಕಳ್ಳಿ ತಿಗಣೆ ಇರಬಹುದು. ಬಿಲ್ಲೆ ಉಬ್ಬಿ, ತೂತಿನಿಂದ ಅಂಟು ಹಿಕ್ಕೆ ಹೊರಬಂದಿದ್ದರೆ ಒಳಗೆ ಮೆಲಿಟಾರಾ ಪತಂಗದ ಮರಿಹುಳು ಕೊರೆಯುತ್ತಿದೆ. ಇಂಥ ಬಿಲ್ಲೆಯನ್ನು ಬಿಟ್ಟು ಪಕ್ಕದ ಆರೋಗ್ಯವಂತ ಬಿಲ್ಲೆ ನೋಡಿ.

ಫೋಟೊ ಮತ್ತು ಟಿಪ್ಪಣಿ

ಬೇರೆಯವರಿಗೆ ತೋರಿಸಿ ಕೇಳುವುದಾದರೆ ಹೂವಿನ ಒಂದು ಚಂದದ ಫೋಟೊ ಯಾವ ಕೆಲಸಕ್ಕೂ ಬರುವುದಿಲ್ಲ. ಇಡೀ ಪೊದೆ ಒಂದು, ಸ್ಕೇಲ್ ಪಕ್ಕದಲ್ಲಿಟ್ಟು ಬಿಲ್ಲೆಯ ಮುಖ ಒಂದು, ಬದಿಯಿಂದ ದಪ್ಪ ಒಂದು, ಬಿಲ್ಲೆಯ ಕೆಳ ಅರ್ಧ ಒಂದು, ಒಂದೇ ಕಣ್ಣಿನ ಹತ್ತಿರದ ಚಿತ್ರ, ಹೂವನ್ನು ಮೇಲಿಂದ ಮತ್ತು ಬದಿಯಿಂದ, ಕಾಯಿ, ಸೀಳಿದ ಕಾಯಿ. ಬದಿಯಿಂದ ತೆಗೆದ ಹೂವಿನ ಚಿತ್ರದಲ್ಲಿ ಹೂವಿನ ಕೆಳಗಿನ ಎಳೆಗಾಯಿ ಕಾಣುತ್ತದೆ, ಅದರ ಮೇಲೆ ಮುಳ್ಳು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಅದೊಂದೇ ಫೋಟೊ ಎಷ್ಟೋ ಸಲ ಉತ್ತರ ಕೊಟ್ಟುಬಿಡುತ್ತದೆ.

ಜಾಗ, ತಾರೀಖು, ಮಣ್ಣು, ಸುತ್ತಲಿನ ಹುಲ್ಲು, ಕಣ್ಣಿನ ಎಣಿಕೆ, ಬಿಲ್ಲೆ ಕಳಚಿತೋ ಇಲ್ಲವೋ, ಎಲ್ಲ ಅಲ್ಲೇ ಬರೆದುಕೊಳ್ಳಿ. ಫೋಟೊದಲ್ಲಿ ಬರದ ವಿಷಯ ಎಂದರೆ ಕಳಚುವ ಗುಣವೇ.

ಎಲ್ಲ ನೋಡಿದ ಮೇಲೂ ಕಾಯಿ ಸಿಗದೆ, ಎಣಿಕೆ ಹೊಂದದೆ ಉಳಿದ ಗಿಡಗಳು ಇದ್ದೇ ಇರುತ್ತವೆ. ಅವುಗಳ ಎದುರು ಒಪನ್ಶಿಯಾ, ಪ್ರಭೇದ ತಿಳಿಯದು ಎಂದು ಬರೆದು, ಕಾಯಿ ಒಣಗುವ ಹೊತ್ತಿಗೆ ಮತ್ತೆ ಬರಬೇಕಾದ ಜಾಗಕ್ಕೆ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ.